ಕೈತೂಕದ ಆಂಪ್ಲಿಫೈಯರ್

ಟೊಕ್.

ಮುಚ್ಚಿದ ಪೆಟ್ಟಿಗೆಯೊಳಗಿಂದ ಯಾರೋ ಬೆರಳಿನ ಗೆಣ್ಣಿನಿಂದ ಒಂದೇ ಒಂದು ಸಲ ತಟ್ಟಿದಂಥ ಸದ್ದು. ಮಧುಮತಿ ಹಾಸಿಗೆಯಲ್ಲಿ ಎದ್ದು ಕೂತಳು. ಗಂಡ ಬಸವಂತ ಗೋಡೆಗೆ ಮುಖ ಮಾಡಿ ಗೊರಕೆ ಹೊಡೆಯುತ್ತಿದ್ದ. ಗಡಿಯಾರದಲ್ಲಿ ಒಂದೂವರೆ. ಗ್ಯಾಸ್ ಆರಿಸಿದ್ದೇನೆಯೇ, ಬಾಗಿಲ ಚಿಲಕ ಹಾಕಿದ್ದೇನೆಯೇ ಎಂದು ಮಲಗುವ ಮುಂಚೆ ಎರಡು ಸಲ ನೋಡುವವಳು ಅವಳು. ನೋಡಿ ಮಲಗಿದ ಮೇಲೂ ಮೂರನೆಯ ಸಲ ನೋಡಬೇಕಿತ್ತೇನೋ ಎಂದು ಮಗ್ಗುಲು ಬದಲಿಸುವವಳು. ಹೊರಗೆ ರಿಂಗ್ ರೋಡಿನಲ್ಲಿ ಮರಳಿನ ಲಾರಿಯೊಂದು ಹಳ್ಳಕ್ಕೆ ಬಿದ್ದು ಎದ್ದು ಹೋಯಿತು. ಕಿಟಕಿಯ ಗಾಜು ನಡುಗಿತು. ನಡುಮನೆಯಿಂದ ಮತ್ತೆ, ಟೊಕ್.

ಎದ್ದು ಹೋಗಿ ದೀಪ ಹಾಕಿದಳು. ಮೂಲೆಯಲ್ಲಿ ಅವಳೇ ಕಟ್ಟಿದ ಸಬ್‌ವೂಫರ್ ಡಬ್ಬಿ ಕೂತಿತ್ತು. ಪಕ್ಕದ ಸ್ಟೂಲಿನ ಮೇಲೆ ಕೆಳಮನೆಯ ಬೈರಣ್ಣನವರಿಂದ ಎರಡು ದಿನದ ಮಟ್ಟಿಗೆ ಕೇಳಿ ತಂದ ಆಂಪ್ಲಿಫೈಯರ್. ಕಪ್ಪು ಮೈ, ಮೇಲೆ ಬಂಗಾರದ ಅಕ್ಷರದಲ್ಲಿ 'ಪಿ.ಎಂ.ಪಿ.ಓ. ೨೦೦೦ ವ್ಯಾಟ್ಸ್'. ಎತ್ತಿ ತರುವಾಗ ಬಸವಂತನ ಸೊಂಟ ಹಿಡಿದುಕೊಂಡಿತ್ತು. ಅದರ ಪ್ಲಗ್ಗನ್ನು ರಾತ್ರಿ ಅವಳೇ ಕಿತ್ತಿದ್ದಳು. ವೈರು ನೆಲದ ಮೇಲೆ ಸುಮ್ಮನೆ ಬಿದ್ದಿತ್ತು. ಕರೆಂಟೇ ಇಲ್ಲದ ಸೆಟ್ಟಿಗೆ ಮಾತಾಡುವ ಕೆಲಸವೇನು?

ಮಧುಮತಿ ಬಗ್ಗಿ ಅದರ ಮುಚ್ಚಳಕ್ಕೆ ಕಿವಿ ಇಟ್ಟಳು. ಬೊಮ್ಮನಹಳ್ಳಿಯ ಯು.ಪಿ.ಎಸ್. ಕಾರ್ಖಾನೆಯೊಂದರಲ್ಲಿ ಅವಳಿಗೆ ಟೆಸ್ಟಿಂಗ್ ಕೆಲಸ. ದಿನವಿಡೀ ಸಾಲುಸಾಲಾಗಿ ಬರುವ ಟ್ರಾನ್ಸ್‌ಫಾರ್ಮರ್‌ಗಳ ಗುಂಯ್‌ಗುಡುವಿಕೆ ಕೇಳಿ, ಇದು ಸರಿ, ಇದು ಸಡಿಲ ಎಂದು ಹೇಳುವುದೇ ಅವಳ ಅನ್ನ. ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತದೆ, ಆರುವಾಗ ಟಿಕ್ ಅನ್ನುತ್ತದೆ. ಟೊಕ್ ಅನ್ನುವುದಿಲ್ಲ. ಅವಳು ಸೆಟ್ಟನ್ನು ಒಂದು ಕಡೆಯಿಂದ ಬೆರಳಷ್ಟು ಎತ್ತಿ ಬಿಟ್ಟಳು. ಟೊಕ್. ಒಳಗೇನೋ ಭಾರವಾದದ್ದು ಅಲ್ಲಾಡುತ್ತಿತ್ತು. ತೆಗೆದು ನೋಡೋಣವೆಂದರೆ ಹಿಂದಿನ ಸ್ಕ್ರೂಗಳ ಮೇಲೆ ಅಂಗಡಿಯವರ ಕಾಗದದ ಸೀಲು: 'ಸೀಲ್ ಒಡೆದರೆ ಗ್ಯಾರಂಟಿ ಇಲ್ಲ.'

ಬೆಳಿಗ್ಗೆ ಬಸವಂತನಿಗೆ ಹೇಳಿದಳು. ಅವನು ಹಲ್ಲುಜ್ಜುತ್ತಲೇ, "ಹಲ್ಲಿ ಇರಬೇಕು" ಎಂದ.

"ಹಲ್ಲಿ ಟೊಕ್ ಅಂತೈತೇನ್ರಿ?"

"ಬೆಂಗಳೂರ ಹಲ್ಲಿ. ಏನ್ ಬೇಕಾದ್ರೂ ಅಂತೈತಿ."

ಅವನು ಕೆಟ್ಟವನಲ್ಲ. ಸಬ್‌ವೂಫರ್ ಡಬ್ಬಿ ಕಟ್ಟಿದ ಮೂರು ತಿಂಗಳೂ ಟಾರ್ಚ್ ಹಿಡಿದದ್ದು, ಪ್ಲೈವುಡ್ಡಿನ ಮೇಲೆ ಹತ್ತಿ ಕೂತು ಗೋಂದು ಒಣಗುವ ತನಕ ಪೇಪರ್ ಓದಿದ್ದು ಅವನೇ. ಆದರೆ ಅಳತೆ, ಲೆಕ್ಕ, ಕೊಯ್ತ ಎಲ್ಲ ಮಧುಮತಿಯದು. ಗದುಗಿನ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಎಸ್ಸಿ. ಓದುವಾಗ ಪುಸ್ತಕದ ಹಿಂದೆ ಬರೆದುಕೊಂಡಿದ್ದ ಸೂತ್ರವನ್ನು ಹತ್ತು ವರ್ಷದ ಮೇಲೆ ಹುಡುಕಿ ತೆಗೆದು, ಹತ್ತಿಂಚಿನ ಸ್ಪೀಕರಿಗೆ ಎಷ್ಟು ಗಾಳಿ ಬೇಕು, ಡಬ್ಬಿ ಎಷ್ಟು ಉದ್ದ ಎಷ್ಟು ಅಗಲ ಎಂದು ಲೆಕ್ಕ ಹಾಕಿದ್ದಳು. ಕಾರ್ಖಾನೆಯ ಪಕ್ಕದ ಬಡಿಗನಲ್ಲಿ ಹಲಗೆ ಕೊಯ್ಸಿದ್ದಳು. ಒಳಗೆ ಹತ್ತಿಯ ಬದಲು ತವರಿನಿಂದ ತಂದ ಹಳೆಯ ಕೌದಿಯನ್ನು ಹರಿದು ಅಂಟಿಸಿದ್ದಳು. ಡಬ್ಬಿ ಮುಗಿದ ದಿನ ಓಣಿಯವರೆಲ್ಲ ಬಂದು ನೋಡಿ, "ಬಸವಂತ ಸಖತ್ತಾಗಿ ಮಾಡ್ಬಿಟ್ಟವ್ನೆ" ಎಂದರು. ಬಸವಂತ, "ಅಯ್ಯ, ನಂದಲ್ಲ, ಅಕೀದು" ಎಂದ. ಅವರು ನಕ್ಕರು, ಅದನ್ನು ಅವನ ದೊಡ್ಡತನ ಎಂದುಕೊಂಡು ಹೋದರು. ಮಧುಮತಿ ಎಲ್ಲರಿಗೂ ಚಹಾ ಕೊಟ್ಟಳು.

ಡಬ್ಬಿಯ ಹೆಸರು ಹೋದರೆ ಹೋಯಿತು. ಅದನ್ನು ನುಡಿಸುವ ಆಂಪ್ಲಿಫೈಯರನ್ನಾದರೂ ತಾನೇ ಆರಿಸಬೇಕು ಎಂದು ಅವಳು ಅಂದೇ ಗಟ್ಟಿ ಮಾಡಿಕೊಂಡಿದ್ದಳು. ಅವಳ ಸ್ಪೀಕರಿಗೆ ಬೇಕಾದದ್ದು ಎಂಬತ್ತು ವ್ಯಾಟು. ನಿಜವಾದ ಎಂಬತ್ತು, ಗಂಟೆಗಟ್ಟಲೆ ಎಳೆದರೂ ಕೊಡುವಂಥದ್ದು. ಪೆಟ್ಟಿಗೆಯ ಮೇಲೆ ಬಂಗಾರದಲ್ಲಿ ಬರೆಯುವ ಎರಡು ಸಾವಿರ, ಮೂರು ಸಾವಿರ ಎಲ್ಲ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಅಬ್ಬರ ಎನ್ನುವುದು ಅವಳಿಗೆ ಗೊತ್ತು. ಓಣಿಗೆ ಗೊತ್ತಿಲ್ಲ. ಓಣಿಗೆ ಗೊತ್ತಿದ್ದದ್ದು ಭಾವ ಮೌನೇಶನ ಕೈ.

ಮೌನೇಶ ಬಸವಂತನ ಅಣ್ಣ. ಮುಂದಿನ ಕ್ರಾಸಿನಲ್ಲಿ ಮನೆ, ಗಾರ್ಮೆಂಟ್ಸ್ ಒಂದರಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ. ಅವರ ತಂದೆ ನೀಲಕಂಠಪ್ಪ ಗಜೇಂದ್ರಗಡದಲ್ಲಿ ಹೆಸರಾದ ಪತ್ತಾರ, ಬಂಗಾರದ ಕೆಲಸದವರು. ಬೋರಮಾಳದ ಸರವನ್ನು ಅಂಗೈಯಲ್ಲಿಟ್ಟು ಒಮ್ಮೆ ತೂಗಿದರೆ ಸಾಕು, ಇಷ್ಟು ತೊಲ, ಇಷ್ಟು ಗುಂಜಿ ಎಂದು ಹೇಳುತ್ತಿದ್ದರಂತೆ. ಆಮೇಲೆ ತಕ್ಕಡಿ ಬಂದು ಹೌದು ಅನ್ನುತ್ತಿತ್ತಂತೆ. ಬಂಗಾರ ಮಕ್ಕಳಿಗೆ ಉಳಿಯಲಿಲ್ಲ, ಕೈ ಉಳಿಯಿತು ಎನ್ನುತ್ತಿದ್ದ ಮೌನೇಶ. ಆ ಕೈಯಿಂದ ಅವನು ಆಂಪ್ಲಿಫೈಯರ್ ಆರಿಸುತ್ತಿದ್ದ. ಅಂಗಡಿಗೆ ಹೋಗುವುದು, ಒಂದೊಂದೇ ಸೆಟ್ಟನ್ನು ಎದೆಮಟ್ಟಕ್ಕೆ ಎತ್ತಿ ಕಣ್ಣು ಮುಚ್ಚಿ ನಿಲ್ಲುವುದು, ಎಲ್ಲಕ್ಕಿಂತ ಭಾರದ್ದನ್ನು ತೋರಿಸಿ "ಇದು" ಎನ್ನುವುದು. ಒಳಗಿನ ಟ್ರಾನ್ಸ್‌ಫಾರ್ಮರ್ ದೊಡ್ಡದಿದ್ದಷ್ಟು ಸೆಟ್ಟು ಭಾರ, ಭಾರವಿದ್ದಷ್ಟು ಬಲ ಎನ್ನುವುದು ಅವನ ಶಾಸ್ತ್ರ. ಶಾಸ್ತ್ರ ಪೂರ್ತಿ ಸುಳ್ಳೂ ಅಲ್ಲ, ಅದೇ ತೊಂದರೆ. ಬೈರಣ್ಣನವರ ಸೆಟ್ಟು, ಎದುರುಮನೆಯ ಸೆಟ್ಟು, ಗಣೇಶನ ಸಂಘದ ಸೆಟ್ಟು, ಎಲ್ಲ ಅವನ ಕೈತೂಕದ ಆಯ್ಕೆ.

"ರವಿವಾರ ಬರ್ತೇನಿ. ಬನಶಂಕರಿಗೆ ಹೋಗಿ ನಿಮ್ಮ ಡಬ್ಬಿಗೊಂದು ಮೂರು ಸಾವಿರದ್ದು ಎತ್ತಿ ಕೊಡ್ತೇನಿ" ಎಂದು ಅವನು ಆಗಲೇ ಹೇಳಿ ಹೋಗಿದ್ದ.

"ಮೂರು ಸಾವಿರ ಬ್ಯಾಡ್ರಿ ಭಾವ. ಎಂಬತ್ತು ಸಾಕು" ಎಂದಿದ್ದಳು ಮಧುಮತಿ.

ಮೌನೇಶ ತಮ್ಮನ ಕಡೆ ನೋಡಿ ನಕ್ಕಿದ್ದ. "ಎಂಬತ್ತು ವ್ಯಾಟಿನ ಬಲ್ಬ್ ಬೇಕೇನೋ ನಿನ್ನ ಹೆಂಡ್ತಿಗೆ?" ಆಮೇಲೆ ಅವಳಿಗೆ, "ತಂಗಿ, ರೊಟ್ಟಿ ಎಷ್ಟು ತೆಳ್ಳಗ ಇರಬೇಕು ಅನ್ನೋದು ನಿನ್ನ ಕೈಗೆ ಗೊತ್ತು. ಇದು ನಮ್ಮ ಕೈಗೆ ಬಿಡು."

ಆ ಮಾತು ನಾಲ್ಕು ದಿನವಾದರೂ ಅವಳ ಹೊಟ್ಟೆಯೊಳಗೆ ಕರಗಿರಲಿಲ್ಲ. ಮರುದಿನ ಎರಡನೆಯ ಶನಿವಾರ, ಕಾರ್ಖಾನೆಗೆ ರಜೆ. ಬಸವಂತ ಕೊರಿಯರ್ ಆಫೀಸಿಗೆ ಹೊರಟ ಮೇಲೆ ಅವಳು ಕೆಳಗಿಳಿದು ನಾರಾಯಣಮ್ಮನವರ ಮುಂದೆ ನಿಂತಳು. ಬೈರಣ್ಣನವರ ಹೆಂಡತಿ ನಾರಾಯಣಮ್ಮ ಜಗುಲಿಯಲ್ಲಿ ಹಸುವಿಗೆ ಬೂಸಾ ಕಲಸುತ್ತಿದ್ದರು. ಈ ಬಡಾವಣೆ ರಾಗಿ ಹೊಲವಾಗಿದ್ದ ಕಾಲದಿಂದ ಇದ್ದ ಮನೆತನ. ಮೂರಂತಸ್ತಿನ ಬಾಡಿಗೆ ಮನೆ ಎದ್ದಿದ್ದರೂ ಹಸು ಮಾತ್ರ ಹೋಗಿರಲಿಲ್ಲ.

"ಆಂಟಿ, ನಿಮ್ಮ ಸೆಟ್ ಒಳಗೆ ಏನೋ ಅಲ್ಲಾಡ್ತಿದೆ. ಅಂಗಡಿಗೆ ತಗೊಂಡು ಹೋಗಿ ತೋರಿಸ್ಕೊಂಡು ಬರ್ಲಾ?"

"ನೀನ್ ಏನಾದ್ರೂ ಬೀಳಿಸ್ದಾ?"

"ಇಲ್ಲ ಆಂಟಿ."

ನಾರಾಯಣಮ್ಮ ಅವಳ ಮುಖವನ್ನೇ ನೋಡಿದರು. "ಬೀಳಿಸೋಳಲ್ಲ ನೀನು. ಚೊಂಬು ಇಡೋವಾಗ್ಲೂ ಸದ್ದಾಗಲ್ಲ ನಿನ್ ಕೈಲಿ. ಹೋಗ್ಬಾ. ನಮ್ ಯಜಮಾನ್ರಿಗೆ ಹೇಳ್ಬೇಡ, ಬಾಡಿಗೆಯೋರು ಕೆಡಿಸ್ಬಿಟ್ರು ಅಂತ ಊರೆಲ್ಲಾ ಸಾರ್ತಾರೆ."

ಆಟೋ ಚಾಲಕ ಸೆಟ್ಟನ್ನು ಎತ್ತಿ ಒಳಗಿಡುತ್ತ, "ಏನಕ್ಕಾ, ರುಬ್ಬೋ ಕಲ್ಲಾ?" ಎಂದ. ಜಯದೇವ ಆಸ್ಪತ್ರೆಯ ಹತ್ತಿರ ಅಗೆದಿದ್ದ ರಸ್ತೆಯಲ್ಲಿ ಪ್ರತಿ ಗುಂಡಿಗೂ ಸೆಟ್ಟು ಟೊಕ್ ಟೊಕ್ ಎಂದಿತು. ಮಧುಮತಿ ಅದನ್ನು ಮಡಿಲಿಗೆಳೆದು ಎರಡೂ ಕೈಯಿಂದ ಹಿಡಿದು ಕೂತಳು. ತಾನು ಮಾಡುತ್ತಿರುವುದು ಸರಿಯೇ? ಸೀಲು ತೆಗೆಸಿದರೆ ಗ್ಯಾರಂಟಿ ಹೋಗುತ್ತದೆಯೇ? ಭಾವ ಬಂದು ಕೇಳಿದರೆ? ಜೆ.ಪಿ. ನಗರ ದಾಟುವಷ್ಟರಲ್ಲಿ ವಾಪಸು ಹೋಗಬಹುದು ಎಂದು ಮೂರು ಸಲ ಅನಿಸಿತು. ನಾಲ್ಕನೆಯ ಸಲ ಅನಿಸುವ ಮುಂಚೆ ಬನಶಂಕರಿ ಬಂದುಬಿಟ್ಟಿತು.

ಅಂಗಡಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿತ್ತು. ಮುಂದೆ ಗಾಜಿನ ಕಪಾಟು, ಅದರಲ್ಲಿ ಸಾಲಾಗಿ ಕಪ್ಪು ಸೆಟ್ಟುಗಳು, ಎಲ್ಲದರ ಮೇಲೂ ಸಾವಿರಗಳು. ಮಾಲೀಕ ವೆಂಕಟಾಚಲ ಕೋಣನಕುಂಟೆಯ ಕಲ್ಯಾಣ ಮಂಟಪಕ್ಕೆ ಮೈಕು ಕಟ್ಟಲು ಹೋಗಿದ್ದ. ಅಂಗಡಿಯಲ್ಲಿದ್ದದ್ದು ಅವನ ಹೆಂಡತಿ ಅಂಜನಮ್ಮ. ನಲವತ್ತೈದರ ಆಸುಪಾಸಿನ ಹೆಂಗಸು, ಮೂಗುತಿ, ಹಣೆಯಲ್ಲಿ ಕಾಸಿನಗಲ ಕುಂಕುಮ, ಎಡಗೈಯ ನಾಲ್ಕು ಬೆರಳಿಗೂ ಬಿಳಿ ಟೇಪು ಸುತ್ತಿಕೊಂಡಿದ್ದಳು.

"ಅವ್ರು ಬರ್ಲಿ ಮೇಡಂ. ಸೀಲ್ ತೆಗೆಯೋದು ಅವ್ರೇ" ಎಂದಳು ಅಂಜನಮ್ಮ.

"ಸೀಲು ನಿಮ್ಮದು, ಸೆಟ್ಟು ನಿಮ್ಮದು, ಸ್ಕ್ರೂ ಡ್ರೈವರ್ ನಿಮ್ಮ ಸೊಂಟದಲ್ಲೇ ಇದೆ. ಒಳಗೆ ಏನೋ ಬಿಚ್ಚಿಕೊಂಡಿದೆ. ಕರೆಂಟ್ ಇರೋ ಜಾಗಕ್ಕೆ ತಾಗಿದ್ರೆ ಹೊತ್ತಿಕೊಳ್ಳುತ್ತೆ. ಹೊತ್ತಿಕೊಂಡ ಮೇಲೆ ಅವರು ಬಂದು ಏನು ಮಾಡ್ತಾರೆ?"

ತನ್ನ ದನಿ ಇಷ್ಟು ಗಟ್ಟಿಯಿದೆ ಎಂದು ಮಧುಮತಿಗೂ ಗೊತ್ತಿರಲಿಲ್ಲ. ಅಂಜನಮ್ಮ ಬೀದಿಯ ಆ ಕಡೆ ಈ ಕಡೆ ನೋಡಿದಳು, ಸೆಟ್ಟನ್ನು ಎತ್ತಿಕೊಂಡು ಪರದೆಯ ಹಿಂದಿನ ಕೋಣೆಗೆ ನಡೆದಳು. ಮಧುಮತಿ ಕರೆಯದಿದ್ದರೂ ಹಿಂದೆಯೇ ಹೋದಳು.

ಸೀಲು ಹರಿಯಿತು, ನಾಲ್ಕು ಸ್ಕ್ರೂ ಬಿದ್ದವು, ಮುಚ್ಚಳ ಎದ್ದಿತು.

ಒಳಗೆ ಒಂದು ಕಲ್ಲಿತ್ತು.

ಕಡಪ ಕಲ್ಲು. ಅಡಿಗೆಮನೆಯ ಕಟ್ಟೆಗೆ ಹಾಸುತ್ತಾರಲ್ಲ, ಅದೇ. ಇಟ್ಟಿಗೆಯ ಗಾತ್ರಕ್ಕೆ ಎರಡು ತುಂಡು ಕೊಯ್ದು ಒಂದರ ಮೇಲೊಂದು ಇಟ್ಟು, ಸೈಕಲ್ ಟ್ಯೂಬಿನಲ್ಲಿ ಸುತ್ತಿ, ತಗಡಿನ ತಳಕ್ಕೆ ಬೋಲ್ಟು ಹಾಕಿ ಕೂರಿಸಿದ್ದರು. ಒಂದು ಬೋಲ್ಟು ಸಡಿಲವಾಗಿ ಕಲ್ಲು ಅಲ್ಲಾಡುತ್ತಿತ್ತು. ಪಕ್ಕದಲ್ಲಿ, ತನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವ ಹಾಗೆ, ಬಳೆಯ ಆಕಾರದ ಒಂದು ಟ್ರಾನ್ಸ್‌ಫಾರ್ಮರ್.

"ಕಲ್ಲು ಮಾರ್ತೀರಾ ನೀವು?" ಎಂದಳು ಮಧುಮತಿ.

ಅಂಜನಮ್ಮ ತಲೆ ತಗ್ಗಿಸಲಿಲ್ಲ. "ಕಲ್ಲು ನೋಡಿದ್ರಲ್ಲಾ, ಅದನ್ನೂ ನೋಡಿ" ಎಂದು ಬಳೆಯತ್ತ ಬೆರಳು ಮಾಡಿದಳು.

ಮಧುಮತಿ ನೋಡಿದಳು. ನೋಡುತ್ತ ನೋಡುತ್ತ ಅವಳ ಸಿಟ್ಟು ದಾರಿ ತಪ್ಪಿತು. ತಾಮ್ರದ ತಂತಿ ಸುತ್ತು ಸುತ್ತಿಗೂ ಒಂದೇ ಅಂತರ, ಎಲ್ಲೂ ಉಬ್ಬಿಲ್ಲ, ಎಲ್ಲೂ ಒಂದರ ಮೇಲೊಂದು ಹತ್ತಿಲ್ಲ. ಮಲ್ಲಿಗೆ ಮೊಗ್ಗು ಕಟ್ಟಿದ ಹಾಗೆ ಒಂದರ ಪಕ್ಕ ಒಂದು. ಕಾರ್ಖಾನೆಯಲ್ಲಿ ಹತ್ತು ವರ್ಷದಲ್ಲಿ ಇಂಥ ಕೈಕೆಲಸ ಅವಳ ಮೇಜಿಗೆ ಬಂದಿರಲಿಲ್ಲ.

"ಯಾರು ಸುತ್ತಿದ್ದು?"

ಅಂಜನಮ್ಮ ಟೇಪು ಸುತ್ತಿದ ನಾಲ್ಕು ಬೆರಳು ಎತ್ತಿ ತೋರಿಸಿದಳು. "ಮುಂಚೆ ಚೌಕದ್ದು ಹಾಕ್ತಿದ್ವಿ ಮೇಡಂ. ಭಾರ ಇರೋದು, ಗುಂಯ್ ಅಂತಾನೂ ಇರೋದು. ನಾನೇ ಹೇಳ್ದೆ, ಬಳೆ ಸುತ್ತೋಣ ಅಂತ. ಸದ್ದಿಲ್ಲ, ಬಿಸಿ ಇಲ್ಲ, ಕಬ್ಬಿಣ ಅರ್ಧ ಸಾಕು. ಒಂದೊಂದಕ್ಕೂ ಒಂದೂವರೆ ದಿನ ಕೂತ್ಕೋತೀನಿ. ಮಾಡಿ ಕಪಾಟಲ್ಲಿ ಇಟ್ರೆ ಆರು ತಿಂಗಳು ಒಬ್ರೂ ಕೊಳ್ಳಲಿಲ್ಲ. ಬರೋದು, ಎತ್ತೋದು, 'ಏನ್ರೀ, ಖಾಲಿ ಡಬ್ಬ' ಅಂತ ನಗೋದು, ಹೋಗೋದು. ಹಾಡು ಹಾಕಿ ಅಂತ ಒಬ್ಬ ಕೇಳಿದ್ರೆ ಕೇಳಿ! ಒಂದಿನ ನಮ್ ಯಜಮಾನ್ರಿಗೆ ರೋಸಿ ಹೋಯ್ತು. ಮನೆ ಕಟ್ಟೆ ಹಾಕ್ಸಿ ಮಿಕ್ಕಿದ್ ಕಲ್ಲಿತ್ತು. 'ಭಾರ ಬೇಕಾ ನನ್ ಮಕ್ಳಿಗೆ, ತಗೊಳ್ಳಿ ಭಾರ' ಅಂತ ಬೋಲ್ಟ್ ಹೊಡೆದ್ರು. ಅವತ್ತೇ ಸಂಜೆ ಮೂರು ಹೋಯ್ತು."

ಮಧುಮತಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಅಂಜನಮ್ಮ ಮೊದಲು ಗುಮಾನಿಯಿಂದ ನೋಡಿ ಆಮೇಲೆ ತಾನೂ ನಕ್ಕಳು.

"ಈ ಸೆಟ್ ಆರಿಸಿದ್ರಲ್ಲಾ, ನಿಮ್ಮ ಕಡೆಯೋರು ಒಬ್ರು, ಅವ್ರು ಬರ್ತಾರೆ, ಎತ್ತಿ ಕಣ್ಣು ಮುಚ್ಕೋತಾರೆ, ದೇವ್ರು ಬಂದೋರ ಥರ" ಎಂದಳು ಅಂಜನಮ್ಮ. "ಅವ್ರಿಗೋಸ್ಕರಾನೇ ಎರಡು ಕಲ್ಲು ಹಾಕಿದ್ದು ಇಟ್ಟಿರ್ತೀವಿ."

"ನಿಜವಾಗಿ ಎಷ್ಟು ವ್ಯಾಟ್ ಇದು? ಬಂಗಾರದ ಅಕ್ಷರ ಬಿಟ್ಟು ಹೇಳಿ."

"ಎಂಬತ್ತು. ಬೆಳಗಿಂದ ಸಂಜೆ ತನಕ ಎಳೀರಿ, ಎಂಬತ್ತು."

ಮಧುಮತಿ ನಂಬುವವಳಲ್ಲ. ಮೀಟರು ಕೇಳಿ ತೆಗೆದುಕೊಂಡಳು, ತಾನೇ ಹಿಡಿದು ನೋಡಿದಳು, ಕಾಗದದ ಮೇಲೆ ಗುಣಿಸಿದಳು. ಎಂಬತ್ತೆರಡು. ಮೂರು ತಿಂಗಳಿನಿಂದ ತಾನು ಎಲ್ಲಿಯೂ ಸಿಗದೆಂದು ಹೆದರಿದ್ದ ಆಂಪ್ಲಿಫೈಯರು ಎರಡು ದಿನದಿಂದ ತನ್ನ ಮನೆಯ ಸ್ಟೂಲಿನ ಮೇಲೆಯೇ ಕಲ್ಲು ಹೊತ್ತು ಕೂತಿತ್ತು.

"ಇಂಥದ್ದೇ ಒಂದು ನನಗೆ ಕೊಡಿ" ಎಂದಳು.

ಅಂಜನಮ್ಮ ಕಪಾಟಿನಿಂದ ಒಂದನ್ನು ಎದೆಗವುಚಿಕೊಂಡು ತಂದಳು.

"ಕಲ್ಲು ತೆಗೀರಿ."

"ಇರ್ಲಿ ಬಿಡಿ ಮೇಡಂ" ಎಂದಳು ಅಂಜನಮ್ಮ ಮೆಲ್ಲನೆ. "ಅದೇನ್ ಅನ್ನ ಕೇಳುತ್ತಾ? ನಿಮ್ಮೋರು ಎತ್ತಿ ನೋಡ್ತಾರೆ, ಭಲೇ ಅಂತಾರೆ, ನೀವೂ ನೆಮ್ಮದಿಯಾಗಿ ಹಾಡು ಕೇಳ್ಕೊಂಡಿರ್ತೀರ. ಕಲ್ಲು ತೆಗೆದ್ರೆ ದಿನಾ ಮಾತು ಕೇಳ್ಬೇಕು. ನಾನ್ ಆರು ತಿಂಗಳು ಕೇಳಿದೀನಿ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಮಧುಮತಿ ಸೆಟ್ಟಿನ ಮೇಲೆ ಕೈಯಿಟ್ಟು ನಿಂತಳು. ನಾಳೆಯ ಮಧ್ಯಾಹ್ನ ಕಣ್ಣಿಗೆ ಕಟ್ಟಿತು. ಭಾವ ಇದನ್ನು ಎತ್ತುತ್ತಾನೆ, ಕಣ್ಣು ಮುಚ್ಚುತ್ತಾನೆ, "ನೋಡ್ದ್ಯಾ, ಹುಡುಗಿ ಕೊನೀಗೂ ನಮ್ಮ ಕೈ ಕಲ್ತಳು" ಎನ್ನುತ್ತಾನೆ. ಊಟ ಮಾಡಿ ಹೋಗುತ್ತಾನೆ. ಜಗಳವಿಲ್ಲ, ಮಾತಿಲ್ಲ. ಬಸವಂತ ನಿಟ್ಟುಸಿರು ಬಿಡುತ್ತಾನೆ. ಎಷ್ಟು ಸುಲಭ! ಒಂದು ಕಲ್ಲು ಒಳಗಿದ್ದರೆ ಸಾಕು. ಹೀಗೆ ಒಳಗೊಂದು ಕಲ್ಲು ಇಟ್ಟುಕೊಂಡು ನೆಮ್ಮದಿಯಾಗಿದ್ದ ದಿನಗಳು ಅವಳಿಗೇನು ಹೊಸತಲ್ಲ.

"ತೆಗೀರಿ" ಎಂದಳು. "ಆ ಬಂಗಾರದ ಅಕ್ಷರಾನೂ ಕೆರೆದುಬಿಡಿ."

 ಅಂಜನಮ್ಮ ಎರಡೂ ಸೆಟ್ಟುಗಳನ್ನು ಪಕ್ಕ ಪಕ್ಕ ಇಟ್ಟುಕೊಂಡು ಕೂತಳು. ಬೈರಣ್ಣನವರದಕ್ಕೆ ಹೊಸ ಟ್ಯೂಬು ಸುತ್ತಿ, ಎರಡು ಬೋಲ್ಟು ಬಿಗಿದು, ಹೊಸ ಸೀಲು ಅಂಟಿಸಿದಳು. ಇನ್ನು ಲಾರಿಯಲ್ಲ, ರೈಲು ಹೋದರೂ ಅದು ಮಾತಾಡುವಂತಿರಲಿಲ್ಲ. ಮಧುಮತಿಯದರಿಂದ ಕಲ್ಲು ಕಿತ್ತು ಮೂಲೆಗೆ ಸರಿಸಿದಳು. ಅಕ್ಷರಗಳನ್ನು ಬ್ಲೇಡಿನಿಂದ ಕೆರೆಯುತ್ತ, ತನಗೇ ಎನ್ನುವ ಹಾಗೆ ಅಂದಳು: "ಕಲ್ಲಿಲ್ದೆ ಹೋಗ್ತಿರೋದು ಇದೇ ಮೊದಲ್ನೇದು."

ರವಿವಾರ ಹನ್ನೊಂದಕ್ಕೆ ಮೌನೇಶ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಅದೇ ಹೊತ್ತಿಗೆ ಬೈರಣ್ಣನವರೂ ತಮ್ಮ ಸೆಟ್ಟು ಒಯ್ಯಲು ಮೇಲೆ ಬಂದರು. ಹಿಂದೆಯೇ ನಾರಾಯಣಮ್ಮ, ಮೊರದ ತುಂಬ ಅವರೆಕಾಯಿ ಹಿಡಿದುಕೊಂಡು, ಬಿಡಿಸುತ್ತ ಮಾತಾಡಿದರಾಯಿತೆಂದು.

"ನಡಿಯೋ ಬಸು, ಅಂಗಡಿ ತೆರದಿರ್ತಾನ" ಎಂದ ಮೌನೇಶ.

ಬಸವಂತ ಹೆಂಡತಿಯ ಕಡೆ ನೋಡಿದ. ರಾತ್ರಿಯೇ ಅವಳು ತಂದದ್ದನ್ನು ತೋರಿಸಿದ್ದಳು. "ಅಣ್ಣ ಏನಂತಾನೋ" ಎಂದಷ್ಟೇ ಅಂದು ಅವನು ಮಲಗಿದ್ದ.

"ಹೋಗೂದು ಬ್ಯಾಡ್ರಿ ಭಾವ" ಎಂದಳು ಮಧುಮತಿ. "ತಂದೇನಿ."

ಡಬ್ಬಿಯ ಮೇಲೆ ಹೊದಿಸಿದ್ದ ಬಟ್ಟೆ ತೆಗೆದಳು. ಅಕ್ಷರವಿಲ್ಲದ ಕಪ್ಪು ಸೆಟ್ಟು. ಮೌನೇಶ ಹತ್ತಿರ ಬಂದ, ಎರಡು ಕೈ ಒಡ್ಡಿ, ಉಸಿರು ಕಟ್ಟಿ ಎತ್ತಿದ. ಭಾರವಿರುತ್ತದೆ ಎಂದುಕೊಂಡು ಎತ್ತಿದ ರಭಸಕ್ಕೆ ಸೆಟ್ಟು ಅವನ ಗದ್ದಕ್ಕೇ ಬಂದು ಬಡಿಯಿತು.

ನಾರಾಯಣಮ್ಮ ಫಕ್ಕನೆ ನಕ್ಕರು.

"ಏನೈತಿ ಇದರಾಗ?" ಎಂದು ಮೌನೇಶ ಗದ್ದ ಒರೆಸಿಕೊಂಡ. ಈಗ ಅದನ್ನು ಒಂದೇ ಕೈಯಲ್ಲಿ ಹಿಡಿದು ಬೈರಣ್ಣನವರಿಗೆ ತೋರಿಸಿದ. "ನೋಡ್ರಿ ಬೈರಣ್ಣ. ಗಾಳಿ ತುಂಬಿ ಕೊಟ್ಟಾನ ಅಂಗಡಿಯವ. ಹೆಣ್ಮಗಳು ಒಬ್ಬಾಕಿ ಹೋದ್ರ ಇನ್ನೇನ್ ಕೊಡ್ತಾನ?"

"ಅಯ್ಯೋ, ಇಷ್ಟು ಹಗುರ" ಎಂದರು ಬೈರಣ್ಣ. "ನಮ್ದು ನೋಡಮ್ಮ, ಇಬ್ರು ಹೊತ್ಕೋಬೇಕು. ಮೋಸ ಹೋದೆ ಕಣಮ್ಮ ನೀನು."

"ಕೇಳಿ ನೋಡ್ರಿ" ಎಂದಳು ಮಧುಮತಿ.

"ಕೇಳೂದೇನೈತಿ? ಕೈ ಹೇಳೇತಲ್ಲ."

"ಕೈಯಿಂದ ಹಾಡು ಕೇಳ್ತಾರೇನ್ರಿ ಭಾವ? ಕುಂಡ್ರಿ."

ಆ 'ಕುಂಡ್ರಿ'ಗೆ ಮೌನೇಶ ಕೂತೇಬಿಟ್ಟ. ಕೂತ ಮೇಲೆ ಅವನಿಗೇ ಆಶ್ಚರ್ಯವಾದಂತೆ ಕಂಡಿತು. ಮಧುಮತಿ ಪ್ಲಗ್ಗು ಹಾಕಿದಳು. ವೈರು ಸಿಕ್ಕಿಸುವಾಗ ಎರಡು ಸಲ ತಪ್ಪಿತು. ಯಾರಿಗೂ ಕಾಣದಂತೆ ಬೆನ್ನು ಮಾಡಿ ನಿಂತು ಮೂರನೆಯ ಸಲಕ್ಕೆ ಕೂರಿಸಿದಳು. ಡೊಳ್ಳು ಕುಣಿತದ ಸಿ.ಡಿ. ಹಾಕಿದಳು.

ಮೊದಲು ಏನೂ ಇಲ್ಲ. ಸೆಟ್ಟು ಇದೆಯೋ ಇಲ್ಲವೋ ಎನ್ನುವಷ್ಟು ನಿಶ್ಶಬ್ದ, ಗುಂಯ್ ಎನ್ನುವ ಎಳೆ ಕೂಡ ಇಲ್ಲ. ಆಮೇಲೆ ಮೊದಲ ಪೆಟ್ಟು ಬಿತ್ತು. ಅದು ಕಿವಿಗೆ ಬರಲಿಲ್ಲ. ನೆಲದಿಂದ ಅಂಗಾಲಿಗೆ, ಅಂಗಾಲಿನಿಂದ ಎದೆಗೂಡಿಗೆ ಬಂತು. ಎರಡನೆಯ ಪೆಟ್ಟಿಗೆ ಮೊರದಲ್ಲಿದ್ದ ಅವರೆಕಾಳು ಕುಣಿದವು. ಬಸವಂತ ಬಾಯಿ ತೆರೆದು ಹಾಗೇ ನಿಂತ. ಬೈರಣ್ಣನವರ ಕಾಲು ತಾನಾಗಿ ತಾಳ ಹಾಕತೊಡಗಿತು.

ಐದು ನಿಮಿಷ ಬಿಟ್ಟು ಅವಳು ತನ್ನ ಸೆಟ್ಟು ಬಿಡಿಸಿ ಬೈರಣ್ಣನವರದನ್ನು ಜೋಡಿಸಿದಳು. ಮತ್ತೆ ಅದೇ ಡೊಳ್ಳು, ಎದೆಗೆ ಅದೇ ಪೆಟ್ಟು.

ಗೋಡೆಗೆ ಮುಖ ಮಾಡಿ ಕಾಯಿ ಬಿಡಿಸುತ್ತಿದ್ದ ನಾರಾಯಣಮ್ಮ ಕೇಳಿದರು: "ಯಾಕಮ್ಮ ನಿಲ್ಸಿ ಹಾಕ್ತೀಯ? ನಮ್ದೂ ಹಾಕು, ಕೇಳೋಣ."

"ಈಗ ಹಾಕಿದ್ದು ನಿಮ್ಮದೇ ಆಂಟಿ."

"ಹೌದಾ? ನಾನು ಅದೇ ನಡೀತಿದೆ ಅಂದ್ಕೊಂಡೆ."

 ಮೌನೇಶ ಕೆಮ್ಮಿದ. "ಇವತ್ತು ಬಾರಿಸ್ತೈತಿ. ಹಗುರದ್ದು ಬಾಳಿಕಿ ಬರಂಗಿಲ್ಲ. ಸೋಮವಾರ ವಾಪಸ್ ಕೊಡು, ನಾ ಬ್ಯಾರೇದು ಎತ್ತಿ ತರ್ತೇನಿ."

"ಕೊಡಂಗಿಲ್ರಿ."

"ಏನಂದಿ?"

"ಇದು ಇಲ್ಲೇ ಇರ್ತೈತಿ ಭಾವ. ಡಬ್ಬಿ ಕಟ್ಟಿದಾಕಿ ನಾನು. ಅದಕ್ಕ ಏನು ಬೇಕು ಅಂತ ಲೆಕ್ಕ ಹಾಕಿದಾಕಿ ನಾನು. ಇದು ಸುಟ್ಟು ಹೋದ್ರ ನಂದು ಸುಟ್ಟು ಹೋಗ್ತೈತಿ. ನೀವು ಊಟ ಮಾಡಿ ಹೋಗ್ರಿ, ಬದನೀಕಾಯಿ ಎಣ್ಣಿಗಾಯಿ ಮಾಡೇನಿ."

ಬಸವಂತ ಗಂಟಲು ಸರಿಮಾಡಿಕೊಂಡ. "ಹೌದಣ್ಣ, ಡಬ್ಬಿ ಅಕೀನೇ ಕಟ್ಟಿದ್ದು" ಎಂದ. ಈ ಸಲ ಯಾರೂ ನಗಲಿಲ್ಲ.

ಮೌನೇಶ ಎದ್ದ. ಸೋತವನ ಹಾಗೇನೂ ಎದ್ದದ್ದಲ್ಲ. ನೇರ ಬೈರಣ್ಣನವರ ಸೆಟ್ಟಿನ ಹತ್ತಿರ ಹೋಗಿ, ಬಗ್ಗಿ, ಎರಡೂ ಕೈಯಿಂದ ಅದನ್ನು ಎದೆಮಟ್ಟಕ್ಕೆ ಎತ್ತಿ, ಕಣ್ಣು ಮುಚ್ಚಿ ನಿಂತ. ಕುತ್ತಿಗೆಯ ನರ ಉಬ್ಬಿತು.

"ಜೀವ ಅಂದ್ರ ಇದರಾಗ ಐತಿ" ಎಂದ, ಕಣ್ಣು ಮುಚ್ಚಿಕೊಂಡೇ. "ನೀಲಕಂಠಪ್ಪ ಪತ್ತಾರನ ಕೈ ಇದು ತಂಗಿ. ನನಗ ಓದು ಬರಲಿಲ್ಲ, ಬಂಗಾರ ಉಳೀಲಿಲ್ಲ, ಕೈ ಒಂದು ಉಳೀತು. ಇದು ಎಂದೂ ಸುಳ್ಳು ಹೇಳಿಲ್ಲ. ಏನಂತೀ ಇದಕ್ಕ?"

ಮಾತು ಮಧುಮತಿಯ ನಾಲಿಗೆಯ ತುದಿಗೆ ಬಂದು ಕೂತಿತ್ತು. ಎರಡೇ ಪದ ಸಾಕು. ಸ್ಕ್ರೂ ಡ್ರೈವರ್ ಕಪಾಟಿನಲ್ಲೇ ಇದೆ, ನಾಲ್ಕು ಸ್ಕ್ರೂ ತಿರುಗಿಸಿದರೆ ಮುಗಿಯಿತು. ಆಮೇಲೆ ಇವರು ತಮ್ಮ ಕೈ ನೋಡಿಕೊಂಡು ನಗುತ್ತಾರೆಯೇ? ಇಲ್ಲ. ಬೈರಣ್ಣ ನಾಲ್ಕು ಜನರನ್ನು ಕಟ್ಟಿಕೊಂಡು ಸಂಜೆಯೇ ಬನಶಂಕರಿಗೆ ಹೋಗುತ್ತಾರೆ, ಕಪಾಟಿನ ಗಾಜು ಒಡೆಯುತ್ತದೆ, ಟೇಪು ಸುತ್ತಿದ ಬೆರಳುಗಳು ಬೀದಿಯಲ್ಲಿ ನಿಂತು ಗಾಜು ಆರಿಸುತ್ತವೆ. ಬಳೆ ಎಷ್ಟು ಚೆನ್ನಾಗಿತ್ತು ಎಂದು ಯಾರೂ ಕೇಳುವುದಿಲ್ಲ. ಇನ್ನು ತನ್ನ ಸೆಟ್ಟು? ಅದು ಡೊಳ್ಳು ಬಾರಿಸಿ ಗೆದ್ದದ್ದು ಎಲ್ಲರಿಗೂ ಮರೆತುಹೋಗುತ್ತದೆ. ಭಾವ ಮೋಸ ಹೋದದ್ದರಿಂದ ಗೆದ್ದದ್ದು ಎಂದಷ್ಟೇ ಉಳಿಯುತ್ತದೆ. ಅವಳಿಗೆ ಆ ಗೆಲುವು ಬೇಕಿರಲಿಲ್ಲ. ಭಾವನ ಮೇಲೆ ಕರುಣೆಯೇ ಎಂದು ತನ್ನನ್ನು ಕೇಳಿಕೊಂಡಳು. ಹೆಚ್ಚೇನೂ ಇರಲಿಲ್ಲ. ಆದರೆ ಉಬ್ಬಿದ ಆ ನರವನ್ನು ನೋಡಿದಾಗ ಒಂದು ಚೂರು ಇತ್ತು, ಇಲ್ಲವೆನ್ನಲಾಗಲಿಲ್ಲ.

"ಭಾರ ಐತ್ರಿ" ಎಂದಳು. "ಕೆಳಗಿಡ್ರಿ, ಸೊಂಟ ಹಿಡೀತದ."

ಅವರೆಲ್ಲ ಇಳಿದು ಹೋದ ಮೇಲೆ ಬಸವಂತ ತಟ್ಟೆ ಎತ್ತುತ್ತ ಅವಳ ಹತ್ತಿರ ಬಂದ. "ಅಂಗಡ್ಯಾಗ ಏನೋ ಆಗೇತಿ. ನಿನ್ನ ಮಾರಿ ನೋಡಿದ್ರ ಗೊತ್ತಾಗ್ತೈತಿ. ಏನದು?"

"ಏನಿಲ್ರಿ. ಹೋದೆ, ನೋಡಿದೆ, ಬೇಕಾದದ್ದು ತಂದೆ."

ಅವನು ಇನ್ನೊಮ್ಮೆ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಇವನಿಗೂ ಇಲ್ಲ, ಕೆಳಗಿನ ನಾರಾಯಣಮ್ಮನಿಗೂ ಇಲ್ಲ, ಪ್ರತಿ ವಾರ ಫೋನಿನಲ್ಲಿ ಎಲ್ಲವನ್ನೂ ಕೇಳಿ ತಿಳಿದುಕೊಳ್ಳುವ ಅವ್ವನಿಗೂ ಇಲ್ಲ. ಆ ಪರದೆಯ ಹಿಂದೆ ತಾನು ಕಂಡದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ಅವಳು ಗಟ್ಟಿ ಮಾಡಿಕೊಂಡಳು.